ಒಂದೇ ಸಂಖ್ಯೆಗೆ ಇಷ್ಟೊಂದು ಹೆಸರು ಯಾಕೆ?

ಲೆಕ್ಕದ ಪುಟ: ಓದುಗರ ಪ್ರಶ್ನೆ, ಮೇಡಂ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದಿವೆ: ಸಂಖ್ಯೆಗಳ ವಿಧಗಳು. ಸ್ವಾಭಾವಿಕ, ಪೂರ್ಣ, ಪೂರ್ಣಾಂಕ, ಭಾಗಲಬ್ಧ, ಅಭಾಗಲಬ್ಧ, ವಾಸ್ತವ. ಹೆಸರುಗಳು ಬಾಯಿಗೆ ಸಲೀಸಾಗಿ ಬರುತ್ತವೆ. ಒಂದು ಸಂಖ್ಯೆ ಕೊಟ್ಟು ಇದು ಯಾವುದು ಅಂತ ಕೇಳಿದರೆ ಮಾತ್ರ ಪೆನ್ನು ನಿಲ್ಲುತ್ತದೆ. ಹಾಗಾಗಿ ಪುಟ ಪೂರ್ತಿ ಇದಕ್ಕೇ ಇಟ್ಟಿದ್ದೇನೆ. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮಗಳು ಎಂಟನೇ ತರಗತಿ. ‘−5 ಯಾವ ಬಗೆಯ ಸಂಖ್ಯೆ?’ ಎಂದು ಪರೀಕ್ಷೆಯಲ್ಲಿ ಕೇಳಿದ್ದರು. ಇವಳು ‘ಭಾಗಲಬ್ಧ ಸಂಖ್ಯೆ’ ಎಂದು ಬರೆದಳು. ‘ಪೂರ್ಣಾಂಕ’ ಅಂತ ಬರೆಯಬೇಕಿತ್ತು ಎಂದು ಅಂಕ ಕೊಟ್ಟಿಲ್ಲ. ಯಾರದು ಸರಿ?
— ಒಬ್ಬ ತಾಯಿ

ಉತ್ತರ: ನಿಮ್ಮ ಮಗಳು ಬರೆದದ್ದು ಸರಿ. ಪೂರ್ಣಾಂಕ ಅನ್ನುವುದೂ ಸರಿ. ಪ್ರಶ್ನೆ ಕೇಳಿದ ರೀತಿ ಸರಿಯಿಲ್ಲ, ಅಷ್ಟೆ. ಒಂದು ಸಂಖ್ಯೆಗೆ ಒಂದೇ ಹೆಸರು ಇರುತ್ತದೆ ಅಂತ ಆ ಪ್ರಶ್ನೆ ಮೊದಲೇ ಅಂದುಕೊಂಡುಬಿಟ್ಟಿದೆ.

ಈ ಹೆಸರುಗಳು ಒಂದನ್ನೊಂದು ಹೊರಗೆ ತಳ್ಳುವುದಿಲ್ಲ. ಒಂದರೊಳಗೆ ಒಂದು ಕೂತಿವೆ. ಕಪಾಟಿನಲ್ಲಿರುವ ಪುಸ್ತಕ ಕೋಣೆಯಲ್ಲೂ ಇದೆ, ಮನೆಯಲ್ಲೂ ಇದೆ, ಅಲ್ವಾ? ಹಾಗೆಯೇ −5 ಪೂರ್ಣಾಂಕಗಳ ಗುಂಪಿನಲ್ಲಿದೆ. ಆ ಗುಂಪು ಇಡಿಯಾಗಿ ಭಾಗಲಬ್ಧ ಸಂಖ್ಯೆಗಳ ಒಳಗಿದೆ. ಅದು ಮತ್ತೆ ವಾಸ್ತವ ಸಂಖ್ಯೆಗಳ, ಅಂದರೆ ಸಂಖ್ಯಾರೇಖೆಯ ಮೇಲಿನ ಎಲ್ಲ ಸಂಖ್ಯೆಗಳ, ಒಳಗಿದೆ.

ಈ ಗುಂಪುಗಳು ಹೀಗೆ ಯಾಕೆ ಬೆಳೆದವು ಅಂತ ಮಗಳಿಗೆ ಒಮ್ಮೆ ತೋರಿಸಿ, ಆಮೇಲೆ ಬಾಯಿಪಾಠದ ಅಗತ್ಯವೇ ಇರುವುದಿಲ್ಲ. ಎಣಿಸುವಾಗ ಬರುವ 1, 2, 3 ಇವು ಸ್ವಾಭಾವಿಕ ಸಂಖ್ಯೆಗಳು. ಇವುಗಳಲ್ಲಿ ಯಾವ ಎರಡನ್ನು ಕೂಡಿಸಿದರೂ ಉತ್ತರ ಇಲ್ಲೇ ಸಿಗುತ್ತದೆ, ಗುಣಿಸಿದರೂ ಇಲ್ಲೇ ಸಿಗುತ್ತದೆ. ಕಳೆಯಲು ಹೊರಟಾಗ ತೊಂದರೆ ಶುರು. 7ರಲ್ಲಿ 7 ಕಳೆದರೆ ಉತ್ತರ ಈ ಪಟ್ಟಿಯಲ್ಲಿಲ್ಲ. ಸೊನ್ನೆ ಸೇರಿಸಿದೆವು, ಪೂರ್ಣ ಸಂಖ್ಯೆಗಳಾದವು. 3ರಲ್ಲಿ 8 ಕಳೆದರೆ? ಮತ್ತೆ ಉತ್ತರ ಇಲ್ಲ. −1, −2, −3 ಎಲ್ಲವನ್ನೂ ಸೇರಿಸಿದೆವು, ಪೂರ್ಣಾಂಕಗಳಾದವು. ಈಗ ಯಾವುದರಲ್ಲಿ ಯಾವುದನ್ನು ಬೇಕಾದರೂ ಕಳೆಯಬಹುದು. ಭಾಗಿಸುವುದಕ್ಕೆ ಹೊರಟರೆ ಇನ್ನೂ ಕೊರತೆ ಇದೆ. 3ನ್ನು 4ರಿಂದ ಭಾಗಿಸಿದರೆ ಬರುವ ಉತ್ತರ ಪೂರ್ಣಾಂಕ ಅಲ್ಲ. ಹಾಗಾಗಿ ಭಾಗಲಬ್ಧ ಸಂಖ್ಯೆಗಳು ಬೇಕಾದವು. ಅಂಶವೂ ಛೇದವೂ ಪೂರ್ಣಾಂಕವಾಗಿ, ಛೇದ ಮಾತ್ರ ಸೊನ್ನೆಯಾಗದ ಹಾಗೆ ಬರೆಯಲು ಬರುವ ಪ್ರತಿ ಸಂಖ್ಯೆಯೂ ಭಾಗಲಬ್ಧ. ಸಂಖ್ಯಾರೇಖೆಯ ಮೇಲಿದ್ದೂ ಹಾಗೆ ಬರೆಯಲು ಬಾರದ್ದು ಅಭಾಗಲಬ್ಧ. −5ನ್ನು −5/1 ಅಂತ ಬರೆಯಬಹುದು. ಅಲ್ಲಿಗೆ ಮುಗಿಯಿತು.

ಸೊನ್ನೆಗೂ ಋಣ ಸಂಖ್ಯೆಗಳಿಗೂ ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬ್ರಹ್ಮಗುಪ್ತ 628ರಲ್ಲೇ ಬರೆದಿಟ್ಟಿದ್ದಾನೆ. ಧನ ಅಂದರೆ ಕೈಯಲ್ಲಿರುವ ಆಸ್ತಿ, ಋಣ ಅಂದರೆ ಸಾಲ. ಎರಡು ಋಣಗಳ ಗುಣಲಬ್ಧ ಧನ ಅನ್ನುವುದೂ ಅಲ್ಲಿದೆ. ಸುಮಾರು ಸಾವಿರ ವರ್ಷ ಕಳೆದ ಮೇಲೂ ಬೇರೆಡೆಯ ಗಣಿತಜ್ಞರು ಋಣ ಸಂಖ್ಯೆ ಒಪ್ಪಲು ಹಿಂದೆ ಮುಂದೆ ನೋಡುತ್ತಿದ್ದರು. ಇದನ್ನು ಮಕ್ಕಳಿಗೆ ಹೇಳಬೇಕು. ‘ನನಗೆ ಋಣ ಸಂಖ್ಯೆ ಅರ್ಥ ಆಗಲ್ಲ’ ಅನ್ನುವ ಹುಡುಗನಿಗೆ ಅದರಿಂದ ಧೈರ್ಯ ಬರುತ್ತದೆ.

ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ನಾಲ್ಕು ಸಂಖ್ಯೆ ಬರೆಯುತ್ತೇನೆ: √16, −12/4, 2.50, 0/9. ಪ್ರತಿಯೊಂದಕ್ಕೂ ಸಲ್ಲುವ ಎಲ್ಲ ಹೆಸರು ಬರೆಯಿರಿ ಅನ್ನುತ್ತೇನೆ. ಮೊದಲ ಸಲ ಬಹಳ ಮಕ್ಕಳು √16ನ್ನು ಅಭಾಗಲಬ್ಧ ಅನ್ನುತ್ತಾರೆ, ಯಾಕೆಂದರೆ ವರ್ಗಮೂಲದ ಚಿಹ್ನೆ ಕಾಣುತ್ತದೆ. −12/4 ಪೂರ್ಣಾಂಕ ಅಲ್ಲ ಅನ್ನುತ್ತಾರೆ, ಯಾಕೆಂದರೆ ಗೆರೆ ಕಾಣುತ್ತದೆ. √16 ಅಂದರೆ 4. ಅದು ಸ್ವಾಭಾವಿಕ ಸಂಖ್ಯೆ. −12/4 ಅಂದರೆ −3. ಅದು ಪೂರ್ಣಾಂಕ. 0/9 ಬರೀ ಸೊನ್ನೆ. 2.50 ಅಂದರೆ 5/2, ಅದು ಭಾಗಲಬ್ಧ, ಪೂರ್ಣಾಂಕ ಅಲ್ಲ. ಮೊದಲು ಸರಳ ಮಾಡಿ, ಆಮೇಲೆ ಹೆಸರಿಡಿ. ಗುಂಪು ಯಾವುದು ಅಂತ ತೀರ್ಮಾನ ಆಗುವುದು ಸಂಖ್ಯೆಯ ಬೆಲೆಯಿಂದ. ಬರೆದ ರೂಪದಿಂದ ಅಲ್ಲ. ಇವತ್ತಿನ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಶಾಲೆಗೆ ಹೋದಾಗ ಜಗಳ ಬೇಡ. −5/1 ಅಂತ ಬರೆದು ತೋರಿಸಿ ಮಾತಾಡಿ. ‘−5 ಸೇರುವ ಅತಿ ಚಿಕ್ಕ ಗುಂಪು ಯಾವುದು?’ ಅಂತ ಕೇಳಿದ್ದರೆ ಪೂರ್ಣಾಂಕ ಒಂದೇ ಉತ್ತರ ಆಗುತ್ತಿತ್ತು.

ಪ್ರಶ್ನೆ: ಸೊನ್ನೆ ಸಮ ಸಂಖ್ಯೆಯಾ? ಧನ ಸಂಖ್ಯೆಯಾ? ಸ್ವಾಭಾವಿಕ ಸಂಖ್ಯೆಯಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ಆರನೇ ತರಗತಿ ವಿದ್ಯಾರ್ಥಿ

ಉತ್ತರ: ಸಮ, ಹೌದು. 2ರಿಂದ ಶೇಷವಿಲ್ಲದೆ ಭಾಗವಾಗುವ ಪೂರ್ಣಾಂಕ ಸಮ ಸಂಖ್ಯೆ. 0 = 2 × 0. ಅದರ ಆಚೆ ಈಚೆ ಇರುವ −1, 1 ಎರಡೂ ಬೆಸ. ಸಮ, ಬೆಸ ಒಂದು ಬಿಟ್ಟು ಒಂದು ಬರಬೇಕಾದರೆ ನಡುವೆ ಇರುವುದು ಸಮವೇ ಆಗಬೇಕು.

ಧನವೂ ಅಲ್ಲ, ಋಣವೂ ಅಲ್ಲ. ಸೊನ್ನೆಗಿಂತ ದೊಡ್ಡದು ಧನ, ಚಿಕ್ಕದು ಋಣ. ಸೊನ್ನೆ ತನಗಿಂತ ತಾನು ದೊಡ್ಡದಾಗಲು ಆಗುವುದಿಲ್ಲವಲ್ಲ.

ಸ್ವಾಭಾವಿಕ ಹೌದೋ ಅಲ್ಲವೋ ಅನ್ನುವುದು ಪುಸ್ತಕದ ಮೇಲೆ ಹೋಗುತ್ತದೆ. ನಮ್ಮ ಶಾಲಾ ಪುಸ್ತಕಗಳಲ್ಲಿ ಸ್ವಾಭಾವಿಕ ಸಂಖ್ಯೆ 1ರಿಂದ ಶುರು, ಪೂರ್ಣ ಸಂಖ್ಯೆ 0ಯಿಂದ ಶುರು. ಮುಂದೆ ಕಾಲೇಜಿನಲ್ಲಿ, ಕಂಪ್ಯೂಟರ್ ಪುಸ್ತಕಗಳಲ್ಲಿ ಸ್ವಾಭಾವಿಕ ಸಂಖ್ಯೆಯನ್ನೇ 0ಯಿಂದ ಶುರು ಮಾಡುವವರು ಇದ್ದಾರೆ. ಗಾಬರಿ ಬೇಡ. ಆ ಪುಸ್ತಕ ಮೊದಲ ಪುಟಗಳಲ್ಲಿ ಏನು ಹೇಳಿದೆ ಅಂತ ನೋಡಿಕೊಂಡರೆ ಸಾಕು.

ನೀನು ಕೇಳದಿದ್ದರೂ ಒಂದು ಹೇಳುತ್ತೇನೆ. ಸೊನ್ನೆಯಿಂದ ಭಾಗಿಸಬಾರದು ಅನ್ನುವುದು ಸುಮ್ನೆ ಹಾಕಿದ ಕಟ್ಟಳೆ ಅಲ್ಲ. 6 ÷ 0 ಅಂದರೆ ‘ಯಾವುದನ್ನು 0ಯಿಂದ ಗುಣಿಸಿದರೆ 6?’ ಅಂತ. ಅಂಥದ್ದು ಯಾವುದೂ ಇಲ್ಲ. 0 ÷ 0 ಅಂದರೆ ‘ಯಾವುದನ್ನು 0ಯಿಂದ ಗುಣಿಸಿದರೆ 0?’ ಅಂತ. ಎಲ್ಲ ಸಂಖ್ಯೆಯೂ ಹೊಂದುತ್ತದೆ. ಒಂದು ಕಡೆ ಉತ್ತರವೇ ಇಲ್ಲ, ಇನ್ನೊಂದು ಕಡೆ ಲೆಕ್ಕವಿಲ್ಲದಷ್ಟು ಉತ್ತರ.

ಪ್ರಶ್ನೆ: 1 ಅವಿಭಾಜ್ಯ ಸಂಖ್ಯೆ ಯಾಕಲ್ಲ? 1ರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುತ್ತದಲ್ಲ. ಟ್ಯೂಷನ್ನಿನಲ್ಲಿ ಮಕ್ಕಳು ಕೇಳಿದಾಗ ‘ಪುಸ್ತಕದಲ್ಲಿ ಹಾಗಿದೆ’ ಎಂದಷ್ಟೇ ಹೇಳಬೇಕಾಗುತ್ತದೆ.
— ಮನೆಪಾಠ ಹೇಳುವವರು

ಉತ್ತರ: ನಿಮ್ಮ ಮಕ್ಕಳು ಕೇಳಿದ್ದು ಒಳ್ಳೆಯ ಪ್ರಶ್ನೆ. ಒಂದು ಕಾಲದಲ್ಲಿ ದೊಡ್ಡ ದೊಡ್ಡವರೇ 1ನ್ನು ಅವಿಭಾಜ್ಯ ಅಂತ ಎಣಿಸಿದ್ದರು. 1742ರಲ್ಲಿ ಗಣಿತಜ್ಞ ಗೋಲ್ಡ್‌ಬಾಕ್ ಅವಿಭಾಜ್ಯಗಳ ಬಗ್ಗೆ ತನ್ನ ಪ್ರಸಿದ್ಧ ಊಹೆಯನ್ನು ಇನ್ನೊಬ್ಬ ಗಣಿತಜ್ಞ ಆಯ್ಲರ್‌ಗೆ ಪತ್ರದಲ್ಲಿ ಬರೆದಾಗ 1ನ್ನು ಸೇರಿಸಿಕೊಂಡಿದ್ದ. 1914ರಲ್ಲಿ ಡಿ. ಎನ್. ಲೆಹ್ಮರ್ ಪ್ರಕಟಿಸಿದ ಅವಿಭಾಜ್ಯ ಸಂಖ್ಯೆಗಳ ಪಟ್ಟಿಯೂ 1ರಿಂದಲೇ ಶುರುವಾಗುತ್ತದೆ.

ಮತ್ತೆ ಯಾಕೆ ಬಿಟ್ಟರು? 60ನ್ನು ಅವಿಭಾಜ್ಯಗಳ ಗುಣಲಬ್ಧವಾಗಿ ಬರೆಸಿ. ಒಬ್ಬ 6 × 10ರಿಂದ ಶುರು ಮಾಡಲಿ, ಇನ್ನೊಬ್ಬಳು 4 × 15ರಿಂದ, ಮತ್ತೊಬ್ಬ 3 × 20ರಿಂದ. ಬಿಡಿಸುತ್ತಾ ಹೋದರೆ ಮೂವರೂ ಬಂದು ನಿಲ್ಲುವುದು ಒಂದೇ ಕಡೆ: 2 × 2 × 3 × 5. ದಾರಿ ಬೇರೆ ಬೇರೆ, ಕೊನೆ ಒಂದೇ. 1ಕ್ಕಿಂತ ದೊಡ್ಡ ಪ್ರತಿ ಸ್ವಾಭಾವಿಕ ಸಂಖ್ಯೆಗೂ ಇದು ನಿಜ. ಅಂಕಗಣಿತದ ಮೂಲ ಪ್ರಮೇಯ ಅನ್ನುವುದು ಇದಕ್ಕೇ. ಈಗ 1ನ್ನೂ ಅವಿಭಾಜ್ಯ ಅಂದುಕೊಳ್ಳಿ. 60 = 1 × 2 × 2 × 3 × 5. 60 = 1 × 1 × 2 × 2 × 3 × 5. ಇದಕ್ಕೆ ಕೊನೆ ಎಲ್ಲಿ? ‘ಒಂದೇ ರೀತಿ’ ಅನ್ನುವ ಮಾತೇ ಹೋಯಿತು. ಪ್ರತಿ ಪ್ರಮೇಯಕ್ಕೂ ‘1ನ್ನು ಬಿಟ್ಟು’ ಅಂತ ಬಾಲ ಅಂಟಿಸಬೇಕಾಗುತ್ತದೆ. ಅದಕ್ಕಿಂತ 1ನ್ನೇ ಪಟ್ಟಿಯಿಂದ ಹೊರಗಿಡುವುದು ಅನುಕೂಲ ಅಂತ ಎಲ್ಲರೂ ಒಪ್ಪಿಕೊಂಡರು.

ಹಾಗಾಗಿ ಮಕ್ಕಳಿಗೆ ವ್ಯಾಖ್ಯೆಯನ್ನು ‘ಸರಿಯಾಗಿ ಎರಡು ಅಪವರ್ತನ ಇರುವ ಸ್ವಾಭಾವಿಕ ಸಂಖ್ಯೆ’ ಅಂತ ಕೊಡಿ. 7ಕ್ಕೆ 1 ಮತ್ತು 7. 1ಕ್ಕೆ ಇರುವುದು ಒಂದೇ ಅಪವರ್ತನ. ಎರಡಕ್ಕಿಂತ ಜಾಸ್ತಿ ಇದ್ದರೆ ಸಂಯುಕ್ತ. 1 ಎರಡೂ ಅಲ್ಲ. 2 ಅವಿಭಾಜ್ಯವೂ ಹೌದು, ಸಮವೂ ಹೌದು. ಅಂಥದ್ದು ಅದೊಂದೇ.

ಇನ್ನೊಂದು ಮಾತು. ಅವಿಭಾಜ್ಯ, ಸಂಯುಕ್ತ ಅನ್ನುವ ಪ್ರಶ್ನೆ ಸ್ವಾಭಾವಿಕ ಸಂಖ್ಯೆಗಳಿಗೆ ಮಾತ್ರ. ಸಮ, ಬೆಸ ಅನ್ನುವುದು ಪೂರ್ಣಾಂಕಗಳಿಗೆ ಮಾತ್ರ. 2.5 ಬೆಸ ಸಂಖ್ಯೆಯಾ ಅಂತ ಕೇಳುವ ಮಗುವಿಗೆ ‘ಆ ಪ್ರಶ್ನೆ ಅದಕ್ಕೆ ಅನ್ವಯಿಸುವುದಿಲ್ಲ’ ಅಂತಲೇ ಹೇಳಬೇಕು.

ಪ್ರಶ್ನೆ: ಭಾಗಲಬ್ಧ ಸಂಖ್ಯೆಯ ದಶಮಾಂಶ ರೂಪ ಒಂದೋ ಮುಗಿಯುತ್ತದೆ, ಇಲ್ಲ ಮರುಕಳಿಸುತ್ತದೆ ಎಂದು ಪುಸ್ತಕದಲ್ಲಿದೆ. ಮರುಕಳಿಸಲೇಬೇಕು ಅಂತ ಹೇಗೆ ಅಷ್ಟು ಖಚಿತವಾಗಿ ಹೇಳುತ್ತಾರೆ? ಕೊನೆಯವರೆಗೆ ಭಾಗಾಕಾರ ಮಾಡಿ ನೋಡಿದವರು ಯಾರಿದ್ದಾರೆ?
— ಒಂಬತ್ತನೇ ತರಗತಿ ವಿದ್ಯಾರ್ಥಿನಿ

ಉತ್ತರ: ಈ ಪತ್ರ ಓದಿ ತುಂಬಾ ಖುಷಿಯಾಯಿತು. ‘ಹೇಗೆ ಖಚಿತ?’ ಅಂತ ಕೇಳುವವರೇ ಗಣಿತ ಕಲಿಯುವವರು. ಕೊನೆಯವರೆಗೆ ಭಾಗಿಸಬೇಕಿಲ್ಲ. ಶೇಷಗಳ ಮೇಲೆ ಕಣ್ಣಿಟ್ಟರೆ ಸಾಕು.

ಕಾಗದ ತೆಗೆದುಕೊಂಡು 1ನ್ನು 7ರಿಂದ ಭಾಗಿಸು. 10ರಲ್ಲಿ 7 ಒಂದು ಸಲ, ಶೇಷ 3. 30ರಲ್ಲಿ ನಾಲ್ಕು ಸಲ, ಶೇಷ 2. 20ರಲ್ಲಿ ಎರಡು ಸಲ, ಶೇಷ 6. 60ರಲ್ಲಿ ಎಂಟು ಸಲ, ಶೇಷ 4. 40ರಲ್ಲಿ ಐದು ಸಲ, ಶೇಷ 5. 50ರಲ್ಲಿ ಏಳು ಸಲ, ಶೇಷ 1. ಇಲ್ಲಿ ನಿಲ್ಲು. ನಾವು ಶುರು ಮಾಡಿದ್ದೂ 1ರಿಂದಲೇ. ಮುಂದಿನ ಹೆಜ್ಜೆ ಮತ್ತೆ 10ರಲ್ಲಿ 7. ಹಿಂದೆ ನಡೆದದ್ದೇ ಮತ್ತೆ ನಡೆಯಬೇಕು, ಬೇರೆ ದಾರಿಯಿಲ್ಲ. ಹಾಗಾಗಿ 0.142857 142857 142857 ಹೀಗೆ ಹೋಗುತ್ತದೆ.

7ರಿಂದ ಭಾಗಿಸುವಾಗ ಶೇಷ 0ಯಿಂದ 6ರ ಒಳಗೇ ಇರಬೇಕು. 0 ಬಂದರೆ ಭಾಗಾಕಾರ ಮುಗಿಯಿತು. ಬರದಿದ್ದರೆ ಉಳಿದಿರುವುದು ಆರೇ ಶೇಷ. ಏಳನೇ ಹೆಜ್ಜೆಗೆ ಬರುವಷ್ಟರಲ್ಲಿ ಹಳೆಯದೊಂದು ಮತ್ತೆ ಬರಲೇಬೇಕು. ಛೇದ 7 ಇರಲಿ, 97 ಇರಲಿ, ಒಂದು ಲಕ್ಷ ಇರಲಿ, ವಾದ ಇದೇ.

ಯಾವುದು ಮುಗಿಯುತ್ತದೆ ಅಂತ ಭಾಗಿಸದೆಯೇ ಹೇಳಬಹುದು. ಭಿನ್ನರಾಶಿಯನ್ನು ಅತಿ ಸಂಕ್ಷಿಪ್ತ ರೂಪಕ್ಕೆ ತಂದು ಛೇದವನ್ನು ಅವಿಭಾಜ್ಯಗಳಾಗಿ ಬಿಡಿಸು. 2 ಮತ್ತು 5 ಬಿಟ್ಟು ಬೇರೆ ಏನೂ ಇಲ್ಲದಿದ್ದರೆ ಮುಗಿಯುತ್ತದೆ, ಯಾಕೆಂದರೆ 10, 100, 1000 ಎಲ್ಲವೂ 2 ಮತ್ತು 5ರಿಂದಲೇ ಆದವು. 3/40 ಮುಗಿಯುತ್ತದೆ: 0.075. 1/12 ಮುಗಿಯುವುದಿಲ್ಲ, ಒಳಗೆ 3 ಇದೆ. 3/12? ಅವಸರ ಬೇಡ. ಅದು 1/4, ಮುಗಿಯುತ್ತದೆ.

ಪ್ರಶ್ನೆ: ಕ್ಯಾಲ್ಕುಲೇಟರ್‌ನಲ್ಲಿ √2 ಒತ್ತಿದರೆ 1.414213562 ಬರುತ್ತದೆ. ಅಲ್ಲಿಗೆ ಮುಗಿಯಿತಲ್ಲ. ಮುಗಿಯುವ ದಶಮಾಂಶ ಭಾಗಲಬ್ಧ ಆಗಬೇಕು. ಮತ್ತೆ ಅಭಾಗಲಬ್ಧ ಅನ್ನುವುದು ಹೇಗೆ?
— ಹತ್ತನೇ ತರಗತಿ ವಿದ್ಯಾರ್ಥಿ

ಉತ್ತರ: ಮುಗಿದದ್ದು ಕ್ಯಾಲ್ಕುಲೇಟರ್‌ನ ಜಾಗ, ಸಂಖ್ಯೆ ಅಲ್ಲ. ಇದನ್ನು ನನ್ನ ಮಾತಿನ ಮೇಲೆ ನಂಬಬೇಡ, ಪರೀಕ್ಷೆ ಮಾಡೋಣ.

1.414213562ನ್ನು ಅದರಿಂದಲೇ ಗುಣಿಸಿದರೆ ಸರಿಯಾಗಿ 2 ಬರಬೇಕು. ಪೂರ್ತಿ ಗುಣಿಸಬೇಕಾಗಿಲ್ಲ. ಕೊನೆಯ ಅಂಕಿ ನೋಡು: 2. ಎರಡೆರಡ್ಲಿ ನಾಲ್ಕು. ಹಾಗಾದರೆ ಗುಣಲಬ್ಧದ ಹದಿನೆಂಟನೇ ದಶಮಾಂಶ ಸ್ಥಾನದಲ್ಲಿ 4 ಕೂತಿರುತ್ತದೆ. 2.000… ಅಂತ ಆಗಲು ಅಲ್ಲಿ 0 ಇರಬೇಕಿತ್ತು. ಸರಿ, ಕೊನೆಗೆ ಇನ್ನಷ್ಟು ಅಂಕಿ ಸೇರಿಸೋಣ ಅನ್ನುತ್ತೀಯಾ? ಸೇರಿಸು. ಕೊನೆಯಲ್ಲಿ ಸೊನ್ನೆಯಲ್ಲದ ಯಾವುದೋ ಒಂದು ಅಂಕಿ ಇರುತ್ತದೆ. 1ರಿಂದ 9ರವರೆಗಿನ ಅಂಕಿಗಳ ವರ್ಗಗಳು 1, 4, 9, 16, 25, 36, 49, 64, 81. ಒಂದಾದರೂ 0ಯಲ್ಲಿ ಮುಗಿಯುತ್ತದಾ? ಇಲ್ಲ. ಹಾಗಾಗಿ ದಶಮಾಂಶ ಬಿಂದುವಿನ ನಂತರ ಎಲ್ಲೋ ಒಂದು ಕಡೆ ಮುಗಿಯುವ ಯಾವ ಸಂಖ್ಯೆಯ ವರ್ಗವೂ ಸರಿಯಾಗಿ 2 ಆಗಲಾರದು.

ಮುಗಿಯುವ ದಶಮಾಂಶ ಹೋಯಿತು. ಮರುಕಳಿಸುವುದು ಆಗಬಹುದಾ? ಅಂದರೆ ಯಾವುದಾದರೂ ಭಿನ್ನರಾಶಿಯ ವರ್ಗ 2 ಆಗಬಹುದಾ? ಹುಡುಕಿ ನೋಡೋಣ. 7/5ರ ವರ್ಗ 49/25. 2 ಆಗಲು 50/25 ಬೇಕು. ಒಂದು ಕಡಿಮೆ. 17/12ರ ವರ್ಗ 289/144. ಬೇಕಾದದ್ದು 288/144. ಒಂದು ಜಾಸ್ತಿ. 99/70ರ ವರ್ಗ 9801/4900. ಬೇಕಾದದ್ದು 9800. ಮತ್ತೆ ಒಂದೇ ಒಂದು ಜಾಸ್ತಿ. 577/408ರ ವರ್ಗ 332929/166464. ಬೇಕಾದದ್ದು 332928. ಇಷ್ಟು ಹತ್ತಿರ ಬರುತ್ತವೆ, ಆದರೆ ಸಿಗುವುದಿಲ್ಲ. ಎಷ್ಟು ದೂರ ಹೋದರೂ ಸಿಗುವುದಿಲ್ಲ.

ಕಾರಣ ಇದು. ಭಿನ್ನರಾಶಿಯನ್ನು ಅತಿ ಸಂಕ್ಷಿಪ್ತ ರೂಪದಲ್ಲಿ ಇಟ್ಟುಕೋ. ಅಂಶಕ್ಕೂ ಛೇದಕ್ಕೂ ಸಮಾನ ಅವಿಭಾಜ್ಯ ಅಪವರ್ತನ ಇರುವುದಿಲ್ಲ. ವರ್ಗ ಮಾಡಿದಾಗ ಅದೇ ಅವಿಭಾಜ್ಯಗಳು ಎರಡೆರಡು ಸಲ ಬರುತ್ತವೆ, ಹೊಸದು ಬರುವುದಿಲ್ಲ. ಹಾಗಾಗಿ ವರ್ಗದಲ್ಲೂ ಮೇಲೆ ಕೆಳಗೆ ಹೊಡೆದುಹಾಕಲು ಏನೂ ಸಿಗುವುದಿಲ್ಲ. ಛೇದ ಛೇದವಾಗಿಯೇ ಉಳಿಯುತ್ತದೆ. ಛೇದ 1ಕ್ಕಿಂತ ದೊಡ್ಡದಾದ ಇಂಥ ಭಿನ್ನರಾಶಿಯ ವರ್ಗ ಎಂದೂ ಪೂರ್ಣಾಂಕ ಆಗಲಾರದು. ಅಂದರೆ 2ಕ್ಕೆ ಭಿನ್ನರಾಶಿಯ ವರ್ಗಮೂಲ ಇಲ್ಲ.

ಈ ವಾದದಲ್ಲಿ 2ರ ವಿಶೇಷ ಏನೂ ಇಲ್ಲ ಅನ್ನುವುದು ಗಮನಿಸು. √3, √5, √6, √7, √10 ಎಲ್ಲಕ್ಕೂ ಇದೇ ಸಲ್ಲುತ್ತದೆ. ಸ್ವಾಭಾವಿಕ ಸಂಖ್ಯೆಯ ವರ್ಗಮೂಲ ಒಂದೋ ಸ್ವಾಭಾವಿಕ ಸಂಖ್ಯೆ, ಇಲ್ಲವೋ ಅಭಾಗಲಬ್ಧ. ನಡುವೆ ಭಿನ್ನರಾಶಿಗೆ ಜಾಗವೇ ಇಲ್ಲ. ಮೇಲೆ ಹೇಳಿದ ಅಂಕಗಣಿತದ ಮೂಲ ಪ್ರಮೇಯ ಇಲ್ಲಿ ಕೆಲಸಕ್ಕೆ ಬಂತು, ನೋಡು.

√2 ಅನ್ನುವುದು ಕಾಗದದ ಮೇಲಿನ ಕಲ್ಪನೆಯೂ ಅಲ್ಲ. ಬಾಹು 1 ಇರುವ ಚೌಕದ ಕರ್ಣದ ಉದ್ದ ಅದು. ಸಂಖ್ಯಾರೇಖೆಯ ಮೇಲೆ ಅದಕ್ಕೆ ಖಚಿತವಾದ ಸ್ಥಾನ ಇದೆ. ಭಾಗಲಬ್ಧ, ಅಭಾಗಲಬ್ಧ ಎರಡನ್ನೂ ಸೇರಿಸಿದರೆ ಸಂಖ್ಯಾರೇಖೆ ಪೂರ್ತಿ ತುಂಬುತ್ತದೆ. ಅದೇ ವಾಸ್ತವ ಸಂಖ್ಯೆಗಳು. ಈ ಎರಡು ಹೆಸರು ಮಾತ್ರ ಒಂದನ್ನೊಂದು ಪೂರ್ತಿ ಹೊರಗಿಡುತ್ತವೆ: ಒಂದು ವಾಸ್ತವ ಸಂಖ್ಯೆ ಭಾಗಲಬ್ಧ ಇಲ್ಲವೇ ಅಭಾಗಲಬ್ಧ, ಎರಡೂ ಆಗಲು ಸಾಧ್ಯವಿಲ್ಲ. ಅಭಾಗಲಬ್ಧ ಅಪರೂಪ ಅಂತಲೂ ತಿಳಿಯಬೇಡ. ಭಾಗಲಬ್ಧಗಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿ ಎಣಿಸುತ್ತಾ ಹೋಗಬಹುದು, ವಾಸ್ತವ ಸಂಖ್ಯೆಗಳನ್ನು ಹಾಗೆ ನಿಲ್ಲಿಸಲು ಆಗುವುದೇ ಇಲ್ಲ ಅಂತ ಕ್ಯಾಂಟರ್ 1874ರಲ್ಲಿ ಸಾಧಿಸಿ ತೋರಿಸಿದ. ಆ ಲೆಕ್ಕದಲ್ಲಿ ಅಭಾಗಲಬ್ಧಗಳೇ ಜಾಸ್ತಿ.

ಪ್ರಶ್ನೆ: ಪೈ ಅಭಾಗಲಬ್ಧ ಅನ್ನುತ್ತಾರೆ. ಆದರೆ ಪೈ = 22/7 ಎಂದು ಬರೆಯುತ್ತೇವೆ. ಅಲ್ಲದೆ ಪೈ ಅಂದರೆ ಪರಿಧಿ ಭಾಗಿಸು ವ್ಯಾಸ. ಎರಡು ರೀತಿಯಲ್ಲೂ ಭಿನ್ನರಾಶಿಯೇ ಅಲ್ವಾ?
— ಒಬ್ಬ ಓದುಗ

ಉತ್ತರ: 22/7 ಪೈ ಅಲ್ಲ, ಪೈಗೆ ಹತ್ತಿರದ ಸಂಖ್ಯೆ. 22/7 = 3.142857…, ಪೈ = 3.141592… ಮೂರನೇ ದಶಮಾಂಶದಲ್ಲೇ ದಾರಿ ಬೇರೆಯಾಯಿತು. ವ್ಯಾಸ 7 ಮೀಟರ್ ಇರುವ ವೃತ್ತದ ಸುತ್ತಳತೆಯನ್ನು 22 ಮೀಟರ್ ಅಂದರೆ ಸುಮಾರು 9 ಮಿಲಿಮೀಟರ್ ಜಾಸ್ತಿ ಹೇಳಿದ ಹಾಗೆ. ಬಹಳಷ್ಟು ಕೆಲಸಗಳಿಗೆ ಅದು ಸಾಕು, ಹಾಗಾಗಿ ಬಳಸುತ್ತೇವೆ. ಆದರೆ ಸಮ ಚಿಹ್ನೆ ಹಾಕಬಾರದು, ‘ಸುಮಾರು’ ಅನ್ನುವ ಚಿಹ್ನೆ ≈ ಹಾಕಬೇಕು. ಪೈ 22/7ಕ್ಕಿಂತ ಕಡಿಮೆ, 223/71ಕ್ಕಿಂತ ಹೆಚ್ಚು ಅಂತ ಆರ್ಕಿಮಿಡೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ತೋರಿಸಿದ್ದ. 499ರಲ್ಲಿ ಆರ್ಯಭಟ ಕೊಟ್ಟ 62832/20000, ಅಂದರೆ 3.1416, ಇನ್ನೂ ಹತ್ತಿರ. ಅದನ್ನು ಅವನು ‘ಆಸನ್ನ’ ಎಂದೇ ಕರೆದಿದ್ದಾನೆ, ಅಂದರೆ ಹತ್ತಿರದ್ದು.

ಎರಡನೆಯದಕ್ಕೆ ಬರೋಣ. ಪರಿಧಿ ಭಾಗಿಸು ವ್ಯಾಸ, ನಿಜ. ಆದರೆ ಭಾಗಲಬ್ಧ ಆಗಲು ಅಂಶ, ಛೇದ ಎರಡೂ ಪೂರ್ಣಾಂಕ ಆಗಬೇಕು. ವ್ಯಾಸ ಪೂರ್ಣಾಂಕವಾದರೆ ಪರಿಧಿ ಆಗುವುದಿಲ್ಲ. ಪರಿಧಿ ಪೂರ್ಣಾಂಕವಾದರೆ ವ್ಯಾಸ ಆಗುವುದಿಲ್ಲ. ಇದನ್ನು ಮೊದಲು ಸಾಧಿಸಿದ್ದು ಲ್ಯಾಂಬರ್ಟ್, 1761ರಲ್ಲಿ. √2ರ ಸಾಧನೆಯ ಹಾಗೆ ಸುಲಭದ್ದಲ್ಲ, ಈ ಪುಟದಲ್ಲಿ ಹಿಡಿಸುವುದೂ ಇಲ್ಲ.

ಪ್ರಶ್ನೆ: 0.101001000100001… ಇದರಲ್ಲಿ ಕ್ರಮ ಇದೆ. ಮುಂದಿನ ಅಂಕಿ ಯಾವುದು ಅಂತ ಯಾರು ಬೇಕಾದರೂ ಹೇಳಬಹುದು. ಹಾಗಾದರೆ ಭಾಗಲಬ್ಧವಾ?
— ಪಿಯುಸಿ ವಿದ್ಯಾರ್ಥಿನಿ

ಉತ್ತರ: ಅಲ್ಲ. ಕ್ರಮ ಇರುವುದು ಬೇರೆ, ಒಂದೇ ತುಂಡು ಮರುಕಳಿಸುವುದು ಬೇರೆ. ಇಲ್ಲಿ 1ಗಳ ನಡುವಿನ ಸೊನ್ನೆಗಳು ಪ್ರತಿ ಸಲ ಒಂದೊಂದು ಹೆಚ್ಚುತ್ತಾ ಹೋಗುತ್ತವೆ. ಮರುಕಳಿಸುವ ತುಂಡು ಎಷ್ಟೇ ಉದ್ದ ಇರಲಿ, ಮುಂದೆ ಅದಕ್ಕಿಂತ ಉದ್ದವಾದ ಸೊನ್ನೆಗಳ ಸಾಲು ಬರುತ್ತದೆ. ಆಗ ಆ ತುಂಡಿನಲ್ಲಿ ಬರೀ ಸೊನ್ನೆಯೇ ಇರಬೇಕಾಗುತ್ತದೆ. ಆದರೆ 1ಗಳು ನಿಲ್ಲುವುದೇ ಇಲ್ಲ. ಹಾಗಾಗಿ ಅಭಾಗಲಬ್ಧ.

ಪ್ರಶ್ನೆ: 0.999… ಅಂದರೆ 1 ಅಂತೆ. ಒಪ್ಪಲು ಆಗುತ್ತಿಲ್ಲ. ಸ್ವಲ್ಪವಾದರೂ ಕಡಿಮೆ ಇರಬೇಕಲ್ಲ?
— ಹತ್ತನೇ ತರಗತಿ ವಿದ್ಯಾರ್ಥಿನಿ

ಉತ್ತರ: ಎಷ್ಟು ಕಡಿಮೆ? ಆ ಪ್ರಶ್ನೆ ಹಿಡಿದೇ ಹೋಗೋಣ. 0.1ರಷ್ಟು ಕಡಿಮೆಯಾ? ಅಲ್ಲ, 0.99 ಆಗಲೇ ಅದಕ್ಕಿಂತ ಹತ್ತಿರ. 0.001ರಷ್ಟು? 0.9999 ಅದನ್ನೂ ದಾಟುತ್ತದೆ. ನೀನು ಸೊನ್ನೆಗಿಂತ ದೊಡ್ಡದಾದ ಯಾವ ವ್ಯತ್ಯಾಸ ಹೇಳಿದರೂ 9ಗಳ ಸಾಲು ಅದನ್ನು ದಾಟಿ ಹೋಗುತ್ತದೆ. ಹಾಗಾದರೆ ವ್ಯತ್ಯಾಸ ಸೊನ್ನೆ. ವ್ಯತ್ಯಾಸ ಸೊನ್ನೆ ಇರುವ ಎರಡು ಸಂಖ್ಯೆ ಒಂದೇ ಸಂಖ್ಯೆ.

ನಿನಗೆ ಕಷ್ಟ ಆಗುತ್ತಿರುವುದು 9ಗಳನ್ನು ಯಾರೋ ಒಂದೊಂದಾಗಿ ಬರೆಯುತ್ತಾ ಇದ್ದಾರೆ, ಇನ್ನೂ ಬರೆದು ಮುಗಿದಿಲ್ಲ ಅಂತ ಅಂದುಕೊಂಡಿದ್ದರಿಂದ. 0.999… ಅನ್ನುವುದು ನಡೆಯುತ್ತಿರುವ ಕೆಲಸ ಅಲ್ಲ, ಒಂದು ಸಂಖ್ಯೆ. 1/3 = 0.333… ಅನ್ನುವುದನ್ನು ನೀನು ತಕರಾರಿಲ್ಲದೆ ಒಪ್ಪಿದ್ದೀಯ. ಎರಡೂ ಕಡೆ 3ರಿಂದ ಗುಣಿಸಿ ನೋಡು. ಇದೂ 1ರ ಇನ್ನೊಂದು ಬರಹ, 4/4 ಇದ್ದ ಹಾಗೆ. ಆದ್ದರಿಂದ 0.999… ಸ್ವಾಭಾವಿಕ ಸಂಖ್ಯೆ.

ಪ್ರಶ್ನೆ: ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂದು ನಾವು ಕಲಿತೆವು. ಈಗ ಮೊಮ್ಮಗ ಇದೆ ಅನ್ನುತ್ತಾನೆ. ನಾವು ಕಲಿತದ್ದು ಸುಳ್ಳಾ?
— ಹಿರಿಯ ಓದುಗರು

ಉತ್ತರ: ಸುಳ್ಳಲ್ಲ ಸಾರ್, ಅದು ವಾಸ್ತವ ಸಂಖ್ಯೆಗಳ ಒಳಗೆ ಈಗಲೂ ನಿಜ. 9ನೇ ಶತಮಾನದ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಇದನ್ನೇ ಹೇಳಿದ್ದಾರೆ: ಋಣ ಸಂಖ್ಯೆ ಸ್ವಭಾವದಿಂದಲೇ ವರ್ಗ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ. ಎಷ್ಟು ನೇರವಾದ ಮಾತು! ಧನವನ್ನು ಧನದಿಂದ ಗುಣಿಸಿದರೂ ಧನ, ಋಣವನ್ನು ಋಣದಿಂದ ಗುಣಿಸಿದರೂ ಧನ. −1 ಬರುವುದೆಲ್ಲಿಂದ?

ನಿಮ್ಮ ಮೊಮ್ಮಗ ಹೇಳುತ್ತಿರುವುದು ಇನ್ನೂ ದೊಡ್ಡ ಗುಂಪಿನ ವಿಷಯ. 1545ರಲ್ಲಿ ಕಾರ್ಡಾನೊ ಒಂದು ಲೆಕ್ಕ ಕೊಟ್ಟ: 10ನ್ನು ಎರಡು ಭಾಗ ಮಾಡಿ, ಗುಣಲಬ್ಧ 40 ಬರಬೇಕು. 5 ಮತ್ತು 5 ಮಾಡಿದರೂ 25 ದಾಟುವುದಿಲ್ಲ. ಅವನ ಉತ್ತರ 5 + √−15 ಮತ್ತು 5 − √−15. ಕೂಡಿಸಿದರೆ 10. ಗುಣಿಸಿದರೆ 25 + 15, ಅಂದರೆ 40. ಲೆಕ್ಕ ಸರಿಹೋಯಿತು, ಆದರೆ ಅವನಿಗೇ ಇದು ಉಪಯೋಗಕ್ಕೆ ಬರುತ್ತದೆ ಅಂತ ಅನ್ನಿಸಲಿಲ್ಲ. 1572ರಲ್ಲಿ ಬಾಂಬೆಲಿ ಉಪಯೋಗ ತೋರಿಸಿದ. ಒಂದು ಸಂಖ್ಯೆಯ ಘನ, ಅದರ 15 ಪಟ್ಟಿಗಿಂತ 4 ಹೆಚ್ಚು. ಯಾವ ಸಂಖ್ಯೆ? 4, ಯಾಕೆಂದರೆ 64 = 60 + 4. ಆದರೆ ಆಗ ಇದ್ದ ಸೂತ್ರ ಹಾಕಿದರೆ ದಾರಿಯಲ್ಲಿ √−121 ಎದುರಾಗುತ್ತದೆ. ಬಾಂಬೆಲಿ ಹೆದರದೆ ಅದರ ಜೊತೆಗೇ ಲೆಕ್ಕ ಮುಂದುವರಿಸಿದ. ಕೊನೆಗೆ 2 + √−1 ಮತ್ತು 2 − √−1 ಸಿಕ್ಕವು. ಕೂಡಿಸಿದ, 4 ಬಂತು.

√−1ಕ್ಕೆ ಈಗ ‘ಐ’ ಅಂತ ಹೆಸರು. ವಾಸ್ತವ ಸಂಖ್ಯೆಗಳ ಜೊತೆ ಅದನ್ನು ಸೇರಿಸಿದರೆ ಸಂಕೀರ್ಣ ಸಂಖ್ಯೆಗಳು. ಗುಂಪು ದೊಡ್ಡದಾದಾಗ ಒಂದನ್ನು ಬಿಟ್ಟುಕೊಡಬೇಕಾಯಿತು. ವಾಸ್ತವ ಸಂಖ್ಯೆಗಳಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು ಅಂತ ಹೇಳಬಹುದು. ಇಲ್ಲಿ ಆ ರೀತಿ ಹೇಳಲು ಬರುವುದಿಲ್ಲ. ಐ ಸೊನ್ನೆಗಿಂತ ದೊಡ್ಡದು ಅಂದರೆ ಅದರ ವರ್ಗ −1 ಕೂಡ ಸೊನ್ನೆಗಿಂತ ದೊಡ್ಡದಾಗಬೇಕು. ಚಿಕ್ಕದು ಅಂದರೂ ಅದೇ ಗೋಳು.

ಪ್ರಶ್ನೆ: ಫೋನ್ ನಂಬರ್ ಯಾವ ಗುಂಪಿಗೆ ಸೇರುತ್ತದೆ? ಸ್ವಾಭಾವಿಕ ಸಂಖ್ಯೆಯಾ?
— ಏಳನೇ ತರಗತಿ ವಿದ್ಯಾರ್ಥಿ

ಉತ್ತರ: ಯಾವುದಕ್ಕೂ ಇಲ್ಲ. ಅದು ಅಂಕಿಗಳಲ್ಲಿ ಬರೆದ ಗುರುತು. ಎರಡು ಫೋನ್ ನಂಬರ್ ಕೂಡಿಸಿದರೆ ಏನು ಅರ್ಥ? ಮುಂದೆ ಸೊನ್ನೆ ಇದ್ದರೆ ಅದನ್ನು ಬಿಡುವ ಹಾಗಿಲ್ಲ. ಆದರೆ ಲೆಕ್ಕದಲ್ಲಿ 007 ಮತ್ತು 7 ಒಂದೇ. ರೋಲ್ ನಂಬರ್, ಬಸ್ ನಂಬರ್ ಕೂಡ ಹಾಗೆಯೇ.

ಪ್ರಶ್ನೆ: ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ. 0.1 + 0.2 ಎಷ್ಟು ಅಂತ ಕೇಳಿದರೆ ಕಂಪ್ಯೂಟರ್ 0.30000000000000004 ಅನ್ನುತ್ತದೆ. 0.1 ಭಾಗಲಬ್ಧ, 0.2 ಭಾಗಲಬ್ಧ. ಮತ್ತೆ ಈ ಎಡವಟ್ಟು ಎಲ್ಲಿಂದ ಬಂತು?
— ಕಾಲೇಜು ವಿದ್ಯಾರ್ಥಿ

ಉತ್ತರ: ಮೇಲೆ 2 ಮತ್ತು 5ರ ವಿಷಯ ಹೇಳಿದೆನಲ್ಲ, ಕಾರಣ ಅಲ್ಲೇ ಇದೆ. ನಾವು ಹತ್ತರ ಆಧಾರದ ಮೇಲೆ ಬರೆಯುತ್ತೇವೆ. ಹಾಗಾಗಿ ಛೇದದಲ್ಲಿ 2 ಇದ್ದರೂ 5 ಇದ್ದರೂ ದಶಮಾಂಶ ಮುಗಿಯುತ್ತದೆ. ಕಂಪ್ಯೂಟರ್ ಎರಡರ ಆಧಾರದ ಮೇಲೆ, ಬರೀ 0 ಮತ್ತು 1ರಲ್ಲಿ ಬರೆಯುತ್ತದೆ. ಅಲ್ಲಿ ಛೇದದಲ್ಲಿ 2 ಮಾತ್ರ ಇದ್ದರೆ ಮುಗಿಯುತ್ತದೆ. 0.1 ಅಂದರೆ 1/10, ಒಳಗೆ 5 ಇದೆ. ಎರಡರ ಆಧಾರದಲ್ಲಿ ಅದು 0.000110011001100… ಹೀಗೆ 0011 ಮರುಕಳಿಸುತ್ತಾ ಹೋಗುತ್ತದೆ. ನಮಗೆ 1/3 ಹೇಗೋ ಅದಕ್ಕೆ 1/10 ಹಾಗೆ. ಕಂಪ್ಯೂಟರ್‌ನಲ್ಲಿ ಅಂಕಿಗಳನ್ನು ಇಡಲು ಇರುವ ಜಾಗ ಸೀಮಿತ. ಎಲ್ಲೋ ಒಂದು ಕಡೆ ಕತ್ತರಿಸಿ, ಹತ್ತಿರದ ಸಂಖ್ಯೆ ಇಟ್ಟುಕೊಳ್ಳುತ್ತದೆ. 0.2ಕ್ಕೂ ಹಾಗೆಯೇ. ಕೂಡಿಸಿದಾಗ ಆ ಚೂರು ಹೊರಗೆ ಕಾಣುತ್ತದೆ.

0.5 + 0.25 ಕೇಳಿ ನೋಡಿ, ಸರಿಯಾಗಿ 0.75 ಬರುತ್ತದೆ. ಅವುಗಳ ಛೇದ 2 ಮತ್ತು 4.

ಪ್ರೋಗ್ರಾಮ್ ಬರೆಯುವಾಗ ಎರಡು ಅಭ್ಯಾಸ ಮಾಡಿಕೊಳ್ಳಿ. ದಶಮಾಂಶ ಇರುವ ಎರಡು ಬೆಲೆ ಸಮವಾ ಅಂತ ನೇರವಾಗಿ ಪರೀಕ್ಷಿಸಬೇಡಿ. ಅವುಗಳ ವ್ಯತ್ಯಾಸ ನೀವು ಗೊತ್ತುಮಾಡಿದ ಒಂದು ಚಿಕ್ಕ ಮಿತಿಯ ಒಳಗಿದೆಯಾ ಅಂತ ನೋಡಿ. ಹಣದ ಲೆಕ್ಕ ಇದ್ದರೆ ಅತಿ ಚಿಕ್ಕ ಏಕಮಾನಕ್ಕೆ ಇಳಿಸಿ, ಪೂರ್ಣಾಂಕವಾಗಿಯೇ ಇಟ್ಟುಕೊಳ್ಳಿ. ಜಾಗದ ಮಿತಿಯೊಳಗೆ ಇರುವವರೆಗೆ ಪೂರ್ಣಾಂಕಗಳ ಕೂಡುವುದು, ಕಳೆಯುವುದು, ಗುಣಿಸುವುದರಲ್ಲಿ ಕಂಪ್ಯೂಟರ್ ಒಂದು ಚೂರೂ ತಪ್ಪುವುದಿಲ್ಲ.